ಒಂದು ಬೆರಳಗಲ ಕೆಂಪು

ನಾನು ಕೋಪಿಷ್ಠನಲ್ಲ. ಕೋಪ ಬರಿಸುವ ಜನರ ನಡುವೆ ಬದುಕುತ್ತಿದ್ದೇನೆ, ಅಷ್ಟೆ.

ಜೆಚೊನ್ ಪಟ್ಟಣದ ಪುರಸಭೆ ಕಚೇರಿಯ ಎದುರಿಗೆ ನನ್ನದೊಂದು ಗೂಡಂಗಡಿ ಇದೆ. ಹೆಸರಿನ ಮುದ್ರೆ ಕೆತ್ತುವುದು ನನ್ನ ಕಸುಬು. ಮನೆ ಕೊಳ್ಳುವವನಿಗೆ, ಮದುವೆಯಾಗುವವನಿಗೆ, ಮದುವೆ ಮುರಿದುಕೊಳ್ಳುವವನಿಗೆ, ಎಲ್ಲರಿಗೂ ಮುದ್ರೆ ಬೇಕು. ಅದನ್ನು ಒತ್ತದಿದ್ದರೆ ನಮ್ಮಲ್ಲಿ ಮನುಷ್ಯ ಹುಟ್ಟಿದ್ದಕ್ಕೂ ಪುರಾವೆ ಇಲ್ಲ. ಅಂಥ ಕಸುಬಿನವನಾದ ಬಾಂಗ್ ಹಾಕ್ಸು ಎಂಬ ನನ್ನನ್ನು ಈ ಊರು ಒಂದು ಚಳಿಗಾಲದಲ್ಲಿ ಹೇಗೆ ನಡೆಸಿಕೊಂಡಿತು ಎಂಬುದನ್ನು ಹೇಳಿಬಿಡುತ್ತೇನೆ. ತೀರ್ಪು ನಿಮಗೆ ಬಿಟ್ಟದ್ದು. ಆದರೆ ತೀರ್ಪು ನನ್ನ ಕಡೆಗೇ ಇರಬೇಕು.

ಇದು ಒಳಉಡುಪಿನ ಕಥೆ. ಮೂಗು ಮುರಿಯುವವರು ಈಗಲೇ ಮುರಿದುಕೊಂಡು ಮುಂದೆ ಬನ್ನಿ. ಮಣಿಕಟ್ಟಿನವರೆಗೆ ತೋಳಿರುವ ಒಳಂಗಿ ಒಂದು, ಕಾಲಿನ ಹರಡಿನವರೆಗೆ ಇಳಿಯುವ ಒಳಚಲ್ಲಣ ಒಂದು, ಎರಡೂ ಸೇರಿ ಒಂದು ಜೊತೆ. ಜೆಚೊನ್‌ನ ಚಳಿಯಲ್ಲಿ ಮೂಗು ಇದೆಯೋ ಉದುರಿತೋ ಎಂದು ಆಗಾಗ ಮುಟ್ಟಿ ನೋಡಿಕೊಳ್ಳಬೇಕಾಗುತ್ತದೆ. ಈ ಜೊತೆ ಇಲ್ಲದೆ ಇಲ್ಲಿ ಯಾರೂ ವಸಂತ ಕಂಡಿಲ್ಲ.

ಯುದ್ಧ ಮುಗಿದ ಕಾಲದಲ್ಲಿ ನಮಗೆ ಚಳಿಗೆ ಇದ್ದದ್ದು ಸೈನಿಕರು ಬಿಟ್ಟುಹೋದ ಕಂಬಳಿ, ಅದೂ ಇಲ್ಲದಿದ್ದರೆ ಒಬ್ಬರ ಬೆನ್ನಿಗೊಬ್ಬರು. ಆಮೇಲೆ ಗಿರಣಿಗಳು ನೈಲಾನಿನ ಒಳಂಗಿ ಹೆಣೆಯಲು ಕಲಿತವು. ಆ ದಾರಕ್ಕೆ ನೆಟ್ಟಗೆ ಹಿಡಿಯುತ್ತಿದ್ದ ಬಣ್ಣ ಕೆಂಪೊಂದೇ ಎಂದು ಕೆಲವರು ಹೇಳುತ್ತಾರೆ. ನನ್ನ ಅಜ್ಜಿ ಹೇಳುತ್ತಿದ್ದದ್ದು ಬೇರೆ: ದೀರ್ಘರಾತ್ರಿಯ ಹಬ್ಬದಲ್ಲಿ ಕೆಂಪು ಅವರೆಯ ಗಂಜಿಯನ್ನು ಬಾಗಿಲಿಗೆ ಎರಚಿದರೆ ದೆವ್ವ ಓಡುವುದಾದರೆ, ಮೈತುಂಬ ಕೆಂಪು ತೊಟ್ಟವನ ಹತ್ತಿರ ಅದು ಸುಳಿಯುವುದಾದರೂ ಹೇಗೆ? ಕಾರಣ ಏನೇ ಇರಲಿ, ಒಂದು ಪದ್ಧತಿ ಬೆಳೆದು ನಿಂತಿತು. ಮಗನೋ ಮಗಳೋ ಕೆಲಸಕ್ಕೆ ಸೇರಿದರೆ ಮೊದಲ ಸಂಬಳದಲ್ಲಿ ಅಪ್ಪ ಅಮ್ಮನಿಗೆ ಕೆಂಪು ಜೊತೆ ತರಬೇಕು. ಹತ್ತಿ ಬರಲಿ, ಉಣ್ಣೆ ಬರಲಿ, ಪೇಟೆಯಲ್ಲಿ ಏನೇ ಬಂದು ಹೋಗಲಿ, ಆ ಕೆಂಪು ಜೊತೆಯನ್ನು ಕದಲಿಸಲು ಯಾವುದಕ್ಕೂ ಆಗಲಿಲ್ಲ.

ಅದನ್ನು ತೊಡುವುದಕ್ಕೂ ಒಂದು ಕ್ರಮವಿದೆ. ಕೋಟಿನ ತೋಳಿನಿಂದ ಒಂದು ಬೆರಳಗಲ ಕೆಂಪು ಹೊರಗೆ ಇಣುಕಬೇಕು. ಹೆಚ್ಚಾದರೆ ಜಂಬಗಾರ ಅನ್ನುತ್ತಾರೆ. ಏನೂ ಕಾಣದಿದ್ದರೆ ಪಾಪ, ಮಕ್ಕಳು ಕೈಬಿಟ್ಟಿದ್ದಾರೆ ಅನ್ನುತ್ತಾರೆ.

ಈಗ ಗು ಅಣ್ಣನ ವಿಷಯ. ನನ್ನ ಪಕ್ಕದಲ್ಲೇ ಒಣಮೀನಿನ ಅಂಗಡಿ ಇಟ್ಟುಕೊಂಡಿರುವ ಮುದುಕ. ಹೆಂಡತಿ ತೀರಿಕೊಂಡಿದ್ದಾಳೆ. ಒಬ್ಬನೇ ಮಗ ಚಿಲ್‌ಬೊಕ್ ಪುಸಾನಿನ ಬಂದರಿನಲ್ಲಿ ಕೆಲಸಕ್ಕಿದ್ದಾನೆ. ಈ ಗು ಅಣ್ಣ ಮೂರು ಚಳಿಗಾಲದಿಂದ ಮಣಿಕಟ್ಟಿನಲ್ಲಿ ಆ ಒಂದು ಬೆರಳಗಲ ಕೆಂಪನ್ನು ಇಟ್ಟುಕೊಂಡು ನನ್ನನ್ನು ಸುಡುತ್ತಾ ಬಂದಿದ್ದ. ಮೀನು ತೂಗುವಾಗ ಆ ಕೈ ಮುಂದೆ. ಹಾದಿ ತೋರಿಸುವಾಗ ಆ ಕೈ ಮುಂದೆ. ಗಡಿಯಾರ ಕಟ್ಟದ ಮನುಷ್ಯ, ಆದರೂ ಗಳಿಗೆಗೊಮ್ಮೆ ಮಣಿಕಟ್ಟು ನೋಡಿಕೊಂಡು, "ಹೊತ್ತಾಯ್ತು ಅನ್ಸುತ್ತೆ," ಎನ್ನುತ್ತಿದ್ದ.

ನನ್ನ ಕಸುಬಿನಲ್ಲಿ ಮಣಿಕಟ್ಟು ಮುಚ್ಚಿಡುವ ಹಾಗಿಲ್ಲ. ಬಂದವರೆಲ್ಲ ನನ್ನ ಕೈಯನ್ನೇ ನೋಡುತ್ತಾ ನಿಲ್ಲುತ್ತಾರೆ. ಆ ಕೈ ಬೋಳಾಗಿದ್ದರೆ ಎಂಥ ಅವಮಾನ, ಹೇಳಿ.

ಆ ವರ್ಷ ನನ್ನ ಮಗಳು ಹೇರಾನ್‌ಗೆ ವೊಂಜುವಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿತು. ಹಾಸ್ಟೆಲಿನಲ್ಲಿ ಇದ್ದಳು. ಮೊದಲ ಸಂಬಳದ ದಿನ ಕಳೆದು ಎರಡು ದಿನವೂ ಆಗಿರಲಿಲ್ಲ, ಗು ಅಣ್ಣ ನನ್ನ ಅಂಗಡಿ ಮುಂದೆ ಬಂದು ನಿಂತ. ಒಬ್ಬನೇ ಬಂದಿದ್ದರೆ ಸಹಿಸಬಹುದಿತ್ತು. ಸ್ನಾನದ ಮನೆ ನಡೆಸುವ ಯೋಮ್ ಜೊತೆಗಿದ್ದ. ನಮ್ಮ ವಾರ್ಡಿನ ಮುಖ್ಯಸ್ಥೆ ಚು ಅಕ್ಕನೂ ಇದ್ದಳು. ಚು ಅಕ್ಕ ಎಂದರೆ ತೋಳಿಗೊಂದು ಅಧಿಕಾರದ ಪಟ್ಟಿ, ಬಾಯಿಗೊಂದು ಧ್ವನಿವರ್ಧಕ. ನಾಯಿ ತಪ್ಪಿಸಿಕೊಂಡರೂ ಗಂಡ ತಪ್ಪಿಸಿಕೊಂಡರೂ ಅವಳು ಅದೇ ಗಂಭೀರ ದನಿಯಲ್ಲಿ ಬೀದಿಗೆಲ್ಲ ಸಾರುತ್ತಾಳೆ.

"ಏನಪ್ಪಾ ಹೇರಾನ್ ಅಪ್ಪ, ಮಗಳಿಗೆ ಸಂಬಳ ಆಯ್ತಂತೆ?" ಎಂದ ಗು ಅಣ್ಣ.

"ಆಯ್ತು."

"ಮತ್ತೆ ಕೈ ಇನ್ನೂ ಬೋಳಾಗೇ ಇದೆಯಲ್ಲ."

"ಬಂದಾಯ್ತು ಗು ಅಣ್ಣ. ಮೆಣಸಿನಕಾಯಿ ಕೆಂಪು, ದಪ್ಪ ಮಾಲು. ಇನ್ನೂ ಚಳಿ ಬರಲಿ ಅಂತ ಪೆಟ್ಟಿಗೇಲಿ ಇಟ್ಟಿದ್ದೀನಿ."

"ಇನ್ನೂ ಚಳಿ ಬರಬೇಕಾ?" ಎಂದ ಯೋಮ್. ಅವನ ಮೀಸೆಯಲ್ಲಿ ಹಿಮ ಕಟ್ಟಿತ್ತು.

ಇದನ್ನು ಸುಳ್ಳು ಎಂದು ಕರೆಯುವವರಿದ್ದಾರೆ. ನನ್ನ ಹೆಂಡತಿ ಅವರಲ್ಲಿ ಮೊದಲನೆಯವಳು. ಇದು ಸುಳ್ಳಲ್ಲ, ಸ್ವಲ್ಪ ಮುಂಚಿತವಾಗಿ ಹೇಳಿದ ನಿಜ. ಶನಿವಾರ ಹೇರಾನ್ ಬರುವವಳಿದ್ದಳು.

ಬಂದಳು. ರೈಲಿನಿಂದ ಇಳಿದು ನೇರ ಮನೆಗೆ ಬಂದು, ನಮ್ಮಿಬ್ಬರನ್ನೂ ಅಡಿಯಲ್ಲಿ ಒಲೆಯ ಶಾಖ ಹರಿಯುವ ಬೆಚ್ಚನೆಯ ನೆಲದ ಮೇಲೆ ಕೂರಿಸಿ, ತಲೆ ಬಾಗಿ ನಮಸ್ಕರಿಸಿ, ಎರಡು ಪೊಟ್ಟಣ ಮುಂದಿಟ್ಟಳು. ನನ್ನ ಕಣ್ಣು ತುಂಬಿ ಬಂತು. ಪೊಟ್ಟಣ ಬಿಚ್ಚಿದೆ. ಕಣ್ಣು ಒಣಗಿತು.

ಬೂದಿ ಬಣ್ಣ.

ಮಾಲು ಒಳ್ಳೆಯದೇ. ಉಣ್ಣೆ ಬೆರೆತದ್ದು, ಬೆಕ್ಕಿನ ಮರಿಯಷ್ಟು ಮೃದು. ಆದರೆ ಬೂದಿ ಬಣ್ಣ ಮಣಿಕಟ್ಟಿನಲ್ಲಿ ಇಣುಕಿದರೆ ಮಗಳು ಸಂಬಳ ತಂದಳು ಎಂದು ಯಾರಾದರೂ ಅಂದುಕೊಳ್ಳುತ್ತಾರೆಯೇ? ಹೆಂಡತಿ ಅಂಗಿ ಒಗೆಯುವುದನ್ನು ಬಿಟ್ಟಿದ್ದಾಳೆ ಅಂದುಕೊಳ್ಳುತ್ತಾರೆ.

"ಹೆಂಗಿದೆ ಅಪ್ಪ?" ಎಂದಳು ಹೇರಾನ್. ಅವಳ ಮುಖದಲ್ಲಿ ಪರೀಕ್ಷೆ ಪಾಸಾದವರ ಕಳೆ ಇತ್ತು.

"ಚೆನ್ನಾಗಿದೆ," ಎಂದೆ. ಆ ಒಂದು ಶಬ್ದ ಗಂಟಲಿನಿಂದ ಹೊರಬರುವಷ್ಟರಲ್ಲಿ ನನ್ನ ಅರ್ಧ ಆಯುಸ್ಸು ಹೋಯಿತು. ನನ್ನ ಹೆಂಡತಿ ಆಗಲೇ ತನ್ನದನ್ನು ತೊಟ್ಟು, ತೋಳು ಸವರಿಕೊಳ್ಳುತ್ತಾ, ಇಂಥ ಮಗಳನ್ನು ಹೆತ್ತದ್ದಕ್ಕೆ ತನ್ನನ್ನೇ ಹೊಗಳಿಕೊಳ್ಳುತ್ತಿದ್ದಳು. ಹೆಂಗಸರ ಗೌರವ ಮಣಿಕಟ್ಟಿನಲ್ಲಿ ಇಲ್ಲ. ಅವರ ಅದೃಷ್ಟ.

ಹೇರಾನ್ ಸಂಜೆ ರೈಲಿಗೆ ವಾಪಸು ಹೋದಳು. ನಾನು ಬೂದಿ ಬಣ್ಣದ ಎದುರು ಕುಳಿತು ಯೋಚಿಸಿದೆ. ಊರಿಗೆಲ್ಲ ಕೆಂಪು ಎಂದು ಹೇಳಿಯಾಗಿದೆ. ಪೇಟೆಗೆ ಹೋಗಿ ಕೆಂಪು ಜೊತೆ ಕೊಂಡರೆ ಅದು ಮಗಳು ಕೊಟ್ಟದ್ದಾಗುವುದಿಲ್ಲ, ಅಂಥ ಮೋಸಕ್ಕೆ ನಾನು ಇಳಿಯುವವನಲ್ಲ. ಮಗಳು ಕೊಟ್ಟದ್ದೇ ಕೆಂಪಾಗಬೇಕು.

ಸರ್ಕಾರಿ ಕಚೇರಿಗಳ ರಬ್ಬರ್ ಮೊಹರಿಗೆ ಬೇಕಾಗುವ ಕೆಂಪು ಶಾಯಿಯನ್ನು ನಾನೇ ಬಾಟಲಿಗಟ್ಟಲೆ ಮಾರುತ್ತೇನೆ. ಆ ಶಾಯಿಯಲ್ಲಿ ಒಮ್ಮೆ 'ತಿರಸ್ಕರಿಸಲಾಗಿದೆ' ಎಂದು ಒತ್ತಿದರೆ ಮಂತ್ರಿಯೇ ಬಂದರೂ ಅಳಿಸಲಾಗುವುದಿಲ್ಲ. ಕಾಗದದ ಮೇಲೆ ಇಷ್ಟು ಗಟ್ಟಿಯಾಗಿ ನಿಲ್ಲುವ ಬಣ್ಣ ಬಟ್ಟೆಯ ಮೇಲೆ ನಿಲ್ಲದೆ ಇರುತ್ತದೆಯೇ? ಸೋಮವಾರ ಹೆಂಡತಿ ಪಕ್ಕದ ಬೀದಿಗೆ ಕೋಸಿನ ಉಪ್ಪಿನಕಾಯಿ ಕಿಮ್ಚಿ ಹಾಕಲು ಕೈಜೋಡಿಸಲು ಹೋದಾಗ, ಅವಳು ಸೋಯಾ ಕಾಳು ಬೇಯಿಸುವ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಇದ್ದ ಶಾಯಿಯನ್ನೆಲ್ಲ ಸುರಿದು, ಜೊತೆಯನ್ನು ಮುಳುಗಿಸಿದೆ.

ಎಂಥ ಕೆಂಪು ಬಂತು ಎನ್ನುತ್ತೀರಿ. ಗು ಅಣ್ಣನ ಕೆಂಪು ಅದರ ಮುಂದೆ ಮೂರು ದಿನದ ಮೂಲಂಗಿ. ಬೆಚ್ಚನೆಯ ನೆಲದ ಮೇಲೆ ಹರಡಿ ಒಣಗಿಸಿದೆ. ಔಷಧಿ ಅಂಗಡಿಯಂಥ ಒಂದು ಹುಳಿ ವಾಸನೆ ಬರುತ್ತಿತ್ತು, ಒಪ್ಪುತ್ತೇನೆ.

ಹೆಂಡತಿ ಬಂದು ಮೊದಲು ಪಾತ್ರೆ ನೋಡಿದಳು, ಆಮೇಲೆ ನೆಲ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ಈ ಪಾತ್ರೇಲಿ ನಾನು ವರ್ಷದ ಕಾಳು ಬೇಯಿಸ್ತೀನ್ರೀ."

"ತೊಳೆದರೆ ಹೋಗುತ್ತೆ."

"ಪಾತ್ರೇಲಿ ಹೋಗೋದಾದ್ರೆ ಬಟ್ಟೇಲೂ ಹೋಗುತ್ತೆ. ಹೋಗಲ್ಲ ಅನ್ನೋದಾದ್ರೆ ನನ್ನ ಪಾತ್ರೆ ಹಾಳಾಯ್ತು. ಯಾವುದು ಅಂತ ನೀವೇ ಹೇಳಿ."

ಹೆಂಗಸರ ಜೊತೆ ತರ್ಕ ಮಾಡಬಾರದು ಎಂದು ಹಿರಿಯರು ಹೇಳಿದ್ದು ಇದಕ್ಕೇ. ಅವರೇ ಗೆಲ್ಲುತ್ತಾರೆ.

ಮರುದಿನ ಅಂಗಡಿಯಲ್ಲಿ ನನ್ನ ಮಣಿಕಟ್ಟಿನಿಂದ ಒಂದು ಬೆರಳಗಲ ಕೆಂಪು ಇಣುಕಿತು. ನಿಜ ಹೇಳಬೇಕೆಂದರೆ ಎರಡು ಬೆರಳಗಲ. ಗು ಅಣ್ಣ ಬಂದು ಬಗ್ಗಿ ನೋಡಿದ.

"ಕೆಂಪೇನೋ ಜೋರಾಗಿದೆ," ಎಂದ. "ತೋಳು ನೋಡಿ ಏನು ಹೇಳೋದು? ಭಾನುವಾರ ಸ್ನಾನಕ್ಕೆ ಬರ್ತೀಯಲ್ಲ, ಪೂರ್ತಿ ನೋಡೋಣ."

ಭಾನುವಾರದ ತನಕ ನಾನು ಆ ಜೊತೆಯನ್ನು ಮೈಮೇಲಿಂದ ತೆಗೆಯಲಿಲ್ಲ. ಅಂದು ಬೆಳಿಗ್ಗೆ ಹೆಮ್ಮೆಯಲ್ಲಿ ಸ್ನಾನದ ಮನೆಗೆ ಬಿರಬಿರನೆ ನಡೆದೆ, ಬೆವರಿದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಯೋಮ್ ಜಿಪುಣತನಕ್ಕೆ ಹಾಕಿದ ಮಿಣುಕು ಬಲ್ಬು, ಮೇಲಿಂದ ಹಬೆ. ಊರಿನ ಗಂಡಸರೆಲ್ಲ ಸೇರಿದ್ದರು. ನಾನು ಕೋಟು ಕಳಚಿದೆ, ಅಂಗಿ ಕಳಚಿದೆ, ಮದುಮಗ ಮೆರವಣಿಗೆ ಬರುವಷ್ಟು ನಿಧಾನವಾಗಿ ಕೆಂಪು ಜೊತೆಯನ್ನೂ ಕಳಚಿ, ಮಡಿಸಿ, ಬುಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟೆ. ಎಲ್ಲರ ಕಣ್ಣೂ ಬುಟ್ಟಿಯ ಮೇಲೆ. ನನ್ನ ಕಣ್ಣೂ ಅದರ ಮೇಲೆ. ನನ್ನ ಮೈಯನ್ನು ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ.

ಒಂದು ಚೊಂಬು ನೀರು ಸುರಿದುಕೊಂಡು ಬಿಸಿನೀರಿನ ತೊಟ್ಟಿಗೆ ಇಳಿದು ಗು ಅಣ್ಣನ ಪಕ್ಕ ಕುಳಿತೆ. ಗು ಅಣ್ಣ ಕಣ್ಣು ಮುಚ್ಚಿ, ಆ ಕುದಿಯುವ ನೀರಿನಲ್ಲಿ, "ಆಹಾ, ತಂಪು," ಎಂದ. ಎಲ್ಲ ಮುದುಕರೂ ತಂಪು ತಂಪು ಎಂದರು; ಬಿಸಿ ಹಿತವಾದರೆ ನಮ್ಮಲ್ಲಿ ಹಾಗೇ ಅನ್ನುವುದು. ಸ್ವಲ್ಪ ಹೊತ್ತಿಗೆ ಗು ಅಣ್ಣ ಕಣ್ಣು ತೆರೆದ.

ತೊಟ್ಟಿಯ ನೀರು ಮೆಣಸಿನಪುಡಿ ಹಾಕಿದ ಮೀನಿನ ಸಾರಿನ ಬಣ್ಣಕ್ಕೆ ತಿರುಗಿತ್ತು.

ಎಪ್ಪತ್ತು ದಾಟಿದ ಮುದುಕರು ಅಷ್ಟು ಎತ್ತರ ನೆಗೆಯುತ್ತಾರೆಂದು ನನಗೆ ಅಂದೇ ಗೊತ್ತಾದದ್ದು. ಒಬ್ಬ ಸಾಬೂನಿನ ಮೇಲೆ ಕಾಲಿಟ್ಟು ಬಾಗಿಲವರೆಗೂ ಕುಳಿತೇ ಹೋದ. "ರಕ್ತ, ರಕ್ತ," ಎಂದು ಯಾರೋ ಕೂಗಿದರು. ಯೋಮ್ ಒಳಗೆ ಓಡಿಬಂದ. ನಾನು ಎದ್ದು ನಿಂತೆ. ಕತ್ತಿನಿಂದ ಕಾಲಿನವರೆಗೆ ನಾನು ಕೆಂಪಗಿದ್ದೆ.

ಇಲ್ಲಿ ನಿಮ್ಮ ಗಮನ ಬೇಕು. ಯೋಮ್ ಮೂರ್ಖನಲ್ಲ. ಅವನು ನನ್ನನ್ನು ನೋಡಿ, ಬುಟ್ಟಿಯನ್ನು ನೋಡಿ, "ಏನಿಲ್ಲ, ಬಟ್ಟೆ ಬಣ್ಣ ಬಿಟ್ಟಿದೆ ಅಷ್ಟೆ," ಎಂದುಬಿಟ್ಟ.

ಆಗ ನಾನು ಸುಮ್ಮನಿದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸುಮ್ಮನಿರಲು ನಾನೇನು ಕಲ್ಲೇ? ಮಗಳು ಕಳಪೆ ಬಟ್ಟೆ ತಂದಳು ಎಂದು ಊರ ಗಂಡಸರೆಲ್ಲ ಹೇಳಿಕೊಂಡು ತಿರುಗಬೇಕೇ?

"ಯಾರ ಬಟ್ಟೆ ಬಣ್ಣ ಬಿಡೋದು?" ಎಂದೆ. "ನನ್ನ ಮಗಳು ಮೊದಲ ಸಂಬಳದಲ್ಲಿ ತಂದಿದ್ದು ಅದು. ನೂರು ಸಲ ಒಗೆದ್ರೂ ಒಂದು ಹನಿ ಬಿಡಲ್ಲ."

"ಹಂಗಾದ್ರೆ ಈ ಕೆಂಪು ಎಲ್ಲಿಂದ ಬಂತಯ್ಯಾ?"

"ಮೈಯಿಂದ," ಎಂದೆ. ಬೇರೆ ದಾರಿ ಇರಲಿಲ್ಲ.

ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು.

ಸುದ್ದಿ ಚು ಅಕ್ಕನಿಗೆ ಮುಟ್ಟಿತು. ಗಂಡಸರ ಕಡೆಗೆ ಅವಳು ಬರುವಂತಿಲ್ಲ. ಪರದೆಯ ಆಚೆ ನಿಂತು ಧ್ವನಿವರ್ಧಕ ಹಿಡಿದಳು. "ಹೇರಾನ್ ಅಪ್ಪ, ರಕ್ತ ಎಲ್ಲಿಂದ ಬರ್ತಿದೆ ಅಂತ ಹೇಳಿ. ವಾರ್ಡಿಗೆ ಗೊತ್ತಾಗಬೇಕು."

"ರಕ್ತ ಅಲ್ಲ ಚು ಅಕ್ಕ. ಸುಮ್ನೆ ಕೆಂಪು."

"ಸುಮ್ನೆ ಹೆಂಗ್ರೀ ಕೆಂಪಾಗ್ತಾರೆ? ಅದೂ ಈ ಕಾಲದಲ್ಲಿ? ಮೇಲಿನವರಿಗೆ ಗೊತ್ತಾದ್ರೆ ನನಗೆ ಉತ್ತರ ಕೊಡೋಕಾಗಲ್ಲ. ಕಾಯಿಲೆ ಅಂತ ಬರ್ಕೋತೀನಿ, ಅದೇ ವಾಸಿ."

ಕಮ್ಯುನಿಸ್ಟರನ್ನು ಕೆಂಪರು ಎಂದು ಹಿಡಿದೊಯ್ಯುತ್ತಿದ್ದ ಕಾಲ ಅದು. ಹೀಗೆ ನಾನು ರೋಗಿಯಾದೆ. ಹಳೆಯ ಹೊದಿಕೆಯಲ್ಲಿ ಸುತ್ತಿ ಮನೆಗೆ ಸಾಗಿಸಿದರು. ಆರೋಗ್ಯ ಕೇಂದ್ರದವರು ಬಂದು ನೋಡುವ ತನಕ ಯಾರೂ ಮುಟ್ಟಬಾರದು ಎಂದು ಚು ಅಕ್ಕ ಬೀದಿಗೆಲ್ಲ ಸಾರಿದಳು. ಮೊದಲ ತಿರುವಿನಲ್ಲಿ ನನಗೆ ಚರ್ಮದ ರೋಗವಿತ್ತು. ಮಾರುಕಟ್ಟೆ ತಲುಪುವ ಹೊತ್ತಿಗೆ ರೋಮ ರೋಮದಿಂದ ರಕ್ತ ಸುರಿಯುತ್ತಿತ್ತು. ನಿಲ್ದಾಣದ ಹತ್ತಿರ ನಾನು ಆಗಲೇ ಸತ್ತಿದ್ದೆ ಎಂದು ಆಮೇಲೆ ತಿಳಿಯಿತು. ಹೆಂಗಸಿನ ಕೈಗೆ ಧ್ವನಿವರ್ಧಕ ಕೊಟ್ಟ ಸರ್ಕಾರವನ್ನು ನಾನು ಕ್ಷಮಿಸುವುದಿಲ್ಲ. ಗಂಡಸಿನ ಕೈಗೆ ಕೊಟ್ಟಿದ್ದರೂ ಕ್ಷಮಿಸುತ್ತಿರಲಿಲ್ಲ. ಚು ಅಕ್ಕ ವೊಂಜುವಿಗೆ ಟೆಲಿಫೋನ್ ಕೂಡ ಮಾಡಿದಳು, ಆ ಕಡೆ ಕರೆಗೆ ತಂತಿ ಸಿಕ್ಕಿಸಿದವಳು ಸ್ವತಃ ಹೇರಾನ್. ತನ್ನ ಅಪ್ಪನ ಸುದ್ದಿಯನ್ನು ನನ್ನ ಮಗಳು ತನ್ನದೇ ಕಿವಿಗೆ ಸೇರಿಸಿಕೊಂಡಳು.

"ಈಗಲಾದ್ರೂ ಶಾಯಿ ಅಂತ ಹೇಳ್ಬಿಡ್ರೀ," ಎಂದಳು ಹೆಂಡತಿ, ಗಂಜಿಯ ಬಟ್ಟಲನ್ನು ದೂರದಿಂದಲೇ ನನ್ನ ಕಡೆಗೆ ತಳ್ಳುತ್ತಾ.

"ಹೇಳಿದ್ರೆ ಮಗಳು ಕೆಂಪು ತರಲಿಲ್ಲ ಅಂತಾಗುತ್ತೆ."

"ಸತ್ರೆ ಏನಂತಾಗುತ್ತೆ?"

"ಕಾಯಿಲೆಯಿಂದ ಸತ್ತ ಅಂತಾಗುತ್ತೆ. ಅದರಲ್ಲಿ ಮಾನ ಹೋಗಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿತು. ಗು ಅಣ್ಣ. ಕೈಯಲ್ಲಿ ರೋಗಿಗಳಿಗೆ ತರುವ ಪೀಚ್ ಹಣ್ಣಿನ ಡಬ್ಬಿ. ಚು ಅಕ್ಕನ ಆಜ್ಞೆ ಮೀರಿ ಬಂದವನು ಊರಿನಲ್ಲಿ ಅವನೊಬ್ಬನೇ. ನಾನು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡೆ. ಹೆಂಡತಿ ಡಬ್ಬಿ ತೆರೆಯಲು ಅಡಿಗೆಮನೆಗೆ ಹೋದಳು.

ಗು ಅಣ್ಣ ತಲೆದಿಂಬಿನ ಹತ್ತಿರ ಕುಳಿತ. ಮೂಗನ್ನು ಎರಡು ಮೂರು ಸಲ ಎಳೆದುಕೊಂಡ. ಮೂವತ್ತು ವರ್ಷ ಒಣಮೀನಿನ ನಡುವೆ ಕುಳಿತು ಸತ್ತುಹೋದ ಮೂಗು, ದುಃಖಕ್ಕೆ ಸುರಿಯುತ್ತಿದೆ ಎಂದುಕೊಂಡೆ. ನನಗೂ ಸ್ವಲ್ಪ ದುಃಖವಾಯಿತು.

"ಹೇರಾನ್ ಅಪ್ಪ," ಎಂದ. "ಒಂದು ಮಾತು ಹೇಳ್ತೀನಿ. ಯಾರ ಹತ್ರನೂ ಹೇಳಿಲ್ಲ."

"ಹೇಳಿ ಅಣ್ಣ," ಎಂದೆ, ಸಾಯುವವನ ದನಿಯಲ್ಲಿ.

ಅವನು ಮಣಿಕಟ್ಟಿನ ಕೆಂಪನ್ನು ಬೆರಳಿನಿಂದ ಹಿಡಿದುಕೊಂಡ. "ಇದು ಚಿಲ್‌ಬೊಕ್ ಕೊಟ್ಟಿದ್ದಲ್ಲ ಕಣಪ್ಪ. ನಾನೇ ಸಂತೇಲಿ ತಗೊಂಡಿದ್ದು. ಅವನಿಗೆ ಕೆಲಸ ಸಿಕ್ಕಿದ ತಿಂಗಳು ಊರೆಲ್ಲ ಕೇಳ್ತು, ಏನು ಕೊಟ್ಟ, ಏನು ಕೊಟ್ಟ ಅಂತ. ಏನಂತ ಹೇಳ್ಲಿ? ಮಗ ಕೆಟ್ಟವನಲ್ಲ. ಅವನಿಗೆ ನೆನಪಾಗಲಿಲ್ಲ, ಅಷ್ಟೆ. ನೆನಪು ಮಾಡೋಕೆ ಅವನಮ್ಮ ಇರಲಿಲ್ಲ."

ಮೂರು ಚಳಿಗಾಲ ನನ್ನನ್ನು ಸುಟ್ಟ ಕೆಂಪು ಅದು. ಅವನ ಕಣ್ಣು ನೋಡಿದೆ. ಗಲ್ಲದವರೆಗಿದ್ದ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡೆ.

"ನಿನಗೆ ಮಗಳು ತಂದುಕೊಟ್ಟಿದ್ದಾಳೆ," ಎಂದ ಗು ಅಣ್ಣ ಏಳುತ್ತಾ. "ಅದು ಯಾವ ಬಣ್ಣ ಆದ್ರೇನು. ಬೇಗ ಹುಷಾರಾಗು."

ಅವನು ಹೋದ ಮೇಲೆ ನಾನು ಮೇಲ್ಛಾವಣಿ ನೋಡುತ್ತಾ ಮಲಗಿದೆ. ಊರಿನಲ್ಲೇ ಅತಿ ಹರಿತವಾದ ಮಾತು ನನ್ನ ಕೈಗೆ ಸಿಕ್ಕಿತ್ತು, ಅದನ್ನು ಎಂದೂ ಬಳಸುವ ಹಾಗಿರಲಿಲ್ಲ. ಇಂಥ ಅನ್ಯಾಯ ಯಾರಿಗಾದರೂ ಆಗಿದೆಯೇ?

ಮಧ್ಯಾಹ್ನದ ರೈಲಿಗೆ ಹೇರಾನ್ ಬಂದಳು. ಬಾಗಿಲಿಂದಲೇ, "ಅಪ್ಪ," ಎಂದು ಕೂಗಿ, ಬೂಟು ಕಳಚುವುದನ್ನೂ ಮರೆತು ಒಳಗೆ ಓಡಿಬಂದಳು. ಅಳುತ್ತಾ ಹೊದಿಕೆ ಸರಿಸಿದಳು. ನನ್ನ ಎದೆ ನೋಡಿದಳು. ಮೂಲೆಯಲ್ಲಿ ಮಡಿಸಿಟ್ಟಿದ್ದ ಕೆಂಪು ಜೊತೆ ನೋಡಿದಳು. ಅದರ ಕತ್ತಿನ ಹಿಂದಿನ ಪಟ್ಟಿ ತಿರುಗಿಸಿ ನೋಡಿದಳು, ತಾನು ತಂದದ್ದೇ ಎಂದು ಗೊತ್ತಾಯಿತು. ಅಳು ನಿಂತಿತು. ಆಮೇಲೆ ಬಂದದ್ದು ಕೋಪ, ನನ್ನದೇ ರಕ್ತವಲ್ಲವೇ.

"ನಾನು ತಂದಿದ್ದಕ್ಕೆ ಬಣ್ಣ ಹಾಕಿದ್ರಾ?"

"ಬೂದಿ ಬಣ್ಣ ತಂದ್ರೆ ಇನ್ನೇನು ಮಾಡ್ಲಿ? ಮೊದಲ ಸಂಬಳಕ್ಕೆ ಕೆಂಪು ತರಬೇಕು ಅಂತ ಹಾಲು ಕುಡಿಯೋ ಮಗುವಿಗೂ ಗೊತ್ತು."

"ನೀವೇ ಹೇಳಿದ್ರಿ ಅಪ್ಪ."

"ನಾನಾ?"

"ಗು ದೊಡ್ಡಪ್ಪ ಮೊದಲ ಸಲ ಕೆಂಪು ಹಾಕ್ಕೊಂಡು ಬಂದ ದಿನ. ಊಟಕ್ಕೆ ಕೂತಾಗ ಹೇಳಿದ್ರಿ. ಹುಂಜದ ಜುಟ್ಟಿನ ಹಾಗೆ ಕೆಂಪು ತೋರಿಸ್ಕೊಂಡು ತಿರುಗೋ ಗತಿ ನನಗೆ ಬರಬಾರದು, ಗೌರವಸ್ಥರು ಹಾಕೋದು ಬೂದಿ ಬಣ್ಣ ಅಂತ. ವೊಂಜು ಮಾರ್ಕೆಟ್ಟಿನಲ್ಲಿ ಎಲ್ಲ ಅಂಗಡೀಲೂ ಕೆಂಪೇ ಕೊಟ್ರು. ಮೊದಲ ಸಂಬಳಕ್ಕೆ ಬೂದಿ ಬಣ್ಣ ಕೇಳ್ತೀಯಲ್ಲ ಅಂತ ನಕ್ರು. ನಮ್ಮಪ್ಪನಿಗೆ ಇದೇ ಇಷ್ಟ ಅಂತ ಜಗಳ ಆಡಿ ತಂದೆ."

"ಅದು ಹೊಟ್ಟೆಕಿಚ್ಚಿಗೆ ಆಡಿದ ಮಾತು," ಎಂದೆ. "ಅಂಥ ಮಾತನ್ನ ಯಾರಾದ್ರೂ ನೆನಪಿಟ್ಕೋತಾರಾ?"

"ನಿಮಗೆ ಏನು ಇಷ್ಟ ಅಂತ ನಿಮ್ಮ ಬಾಯಿಂದ ಬಂದಿದ್ದು ಅದೊಂದೇ ಸಲ," ಎಂದಳು ಹೇರಾನ್. "ಬೇರೆ ಯಾವುದನ್ನ ನೆನಪಿಟ್ಕೊಳ್ಳಲಿ?"

ಅಷ್ಟರಲ್ಲಿ ಹೊರಗೆ ಧ್ವನಿವರ್ಧಕ ಕಿರುಗುಟ್ಟಿತು. ಚು ಅಕ್ಕ, ಜೊತೆಗೆ ಆರೋಗ್ಯ ಕೇಂದ್ರದವನು, ಹಿಂದೆ ಯೋಮ್, ಅವನ ಹಿಂದೆ ಅರ್ಧ ಬೀದಿ. ಹೇರಾನ್ ಕಣ್ಣೊರೆಸಿಕೊಂಡು ಹೊರಗೆ ಹೋಗಿ ಕಾಗದದ ಬಾಗಿಲು ಎಳೆದಳು. ಬಾಗಿಲಾಚೆ ಅವಳ ದನಿ ಎಕ್ಸ್‌ಚೇಂಜಿನಲ್ಲಿ ಮಾತಾಡುವಷ್ಟು ಸ್ಪಷ್ಟವಾಗಿತ್ತು.

"ಕಾಯಿಲೆ ಏನಿಲ್ಲ ಚು ಅತ್ತೆ. ನಾನು ತಂದ ಬಟ್ಟೆ ಬಣ್ಣ ಬಿಟ್ಟಿದೆ. ಕಡಿಮೆ ಬೆಲೆಗೆ ಸಿಗುತ್ತೆ ಅಂತ ಕಳಪೆ ಮಾಲು ತಂದ್ಬಿಟ್ಟೆ. ಅಪ್ಪ ನನ್ನ ಮೇಲೆ ಮಾತು ಬರಬಾರದು ಅಂತ ಸುಮ್ನಿದ್ರು. ತಪ್ಪು ನಂದು."

"ನಾನು ಮೊದಲೇ ಹೇಳಿದ್ದೆ," ಎಂದ ಯೋಮ್. "ಈಗಿನ ಹುಡುಗೀರು ಅಪ್ಪನಿಗೆ ತರೋದ್ರಲ್ಲೂ ಜಿಪುಣತನ ಮಾಡ್ತಾರೆ." ಮಿಣುಕು ಬಲ್ಬಿನ ಯೋಮ್ ಜಿಪುಣತನದ ಬಗ್ಗೆ ಮಾತಾಡಿದ.

ನಾನು ಎದ್ದು ಕುಳಿತೆ. ಸುಳ್ಳು, ಆ ಬಟ್ಟೆಯಂಥ ಬಟ್ಟೆ ನಿಮ್ಮಪ್ಪಂದಿರೂ ಕಂಡಿಲ್ಲ ಎಂದು ಕೂಗಲು ಬಾಯಿ ತೆರೆದೆ. ಹೆಂಡತಿ ಎಲ್ಲಿಂದ ಬಂದಳೋ, ಒಂದು ಹೋಳು ಪೀಚ್ ಹಣ್ಣನ್ನು ಬಾಯಿಗೆ ತುರುಕಿ ಮೇಲೆ ಕೈ ಇಟ್ಟಳು.

"ಮಗಳು ನಿಮ್ಮ ಮಾನ ಉಳಿಸ್ತಿದ್ದಾಳೆ," ಎಂದಳು ಮೆಲ್ಲಗೆ. "ಅದನ್ನೂ ಹಾ‍ಳು ಮಾಡ್ಬೇಡಿ."

ಹಣ್ಣು ಸಿಹಿಯಾಗಿತ್ತು. ಕೋಪದಲ್ಲಿ ಅಳು ಬಂತು. ನುಂಗಿದೆ.

ಮೈಯ ಬಣ್ಣ ಹೋಗಲು ಬಹಳ ದಿನ ಹಿಡಿಯಿತು. ಜೊತೆಯ ಬಣ್ಣ ಒಗೆದೂ ಒಗೆದೂ ಗುಲಾಬಿಗೂ ಬೂದಿಗೂ ನಡುವಿನ ಹೆಸರಿಲ್ಲದ ಬಣ್ಣಕ್ಕೆ ಬಂದು ನಿಂತಿತು. ಸೋಯಾ ಕಾಳಿನ ಪಾತ್ರೆ ಇಂದಿಗೂ ಕೆಂಪಗಿದೆ. ಜನವರಿಯಲ್ಲಿ ಹೇರಾನ್ ಇನ್ನೊಂದು ಜೊತೆ ತಂದಳು. ಈ ಸಲ ಕೆಂಪು, ಗಿರಣಿಯದೇ ಕೆಂಪು. ಮರುದಿನ ಅದನ್ನು ತೊಟ್ಟು, ಸರಿಯಾಗಿ ಒಂದು ಬೆರಳಗಲ ಬಿಟ್ಟು, ಅಂಗಡಿಯಲ್ಲಿ ಕುಳಿತೆ.

ಗು ಅಣ್ಣ ಬಂದ. ಆ ಭಾನುವಾರದ ಮಾತನ್ನು ಅವನೂ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಅಂದು ನನ್ನ ಮುಂದೆ ಪುರಸಭೆಯ ಗುಮಾಸ್ತರು ನಿಂತಿದ್ದರು, ಚು ಅಕ್ಕನಿದ್ದಳು, ಯೋಮ್ ಕೂಡ ಇದ್ದ. ಗು ಅಣ್ಣ ನನ್ನ ಮಣಿಕಟ್ಟು ನೋಡಿ ನಾಲಗೆ ಲೊಚಗುಟ್ಟಿದ.

"ಬಣ್ಣ ಬಿಡದೆ ಇರೋದು ತಂದ್ಲಾ ಈ ಸಲ? ಒಳ್ಳೇದಾಯ್ತು. ಆದ್ರೆ ಒಂದು ಮಾತು ಹೇರಾನ್ ಅಪ್ಪ, ಎರಡನೇ ಸಂಬಳದ್ದು ಲೆಕ್ಕಕ್ಕಿಲ್ಲ. ಪದ್ಧತಿ ಇರೋದು ಮೊದಲ ಸಂಬಳಕ್ಕೆ."

ಎಲ್ಲರೂ ನಕ್ಕರು. ಯೋಮ್ ಎಲ್ಲರಿಗಿಂತ ಹೆಚ್ಚು ನಕ್ಕ.

ನೀವೇ ಹೇಳಿ. ಒಂದೇ ಒಂದು ಮಾತು ಸಾಕಿತ್ತು. ಸಂತೆ ಎಂದರೆ ಸಾಕಿತ್ತು. ಆ ಮುದುಕ ಮತ್ತೆ ಎಂದೂ ಮಣಿಕಟ್ಟು ಹೊರಗೆ ಹಾಕುತ್ತಿರಲಿಲ್ಲ. ನನ್ನ ಮಗಳ ಹೆಸರಿಗೆ ಮಸಿ ಬಳಿದವರ ಮುಂದೆ ಆ ಮಾತು ಆಡುವ ಹಕ್ಕು ನನಗೆ ಇರಲಿಲ್ಲವೇ? ಉಳಿಯನ್ನು ಒತ್ತಿ ಹಿಡಿದೆ. ಕೆತ್ತುತ್ತಿದ್ದ ಮುದ್ರೆಯಲ್ಲಿ ಯಾರದೋ ಹೆಸರಿಗೆ ಒಂದು ಗೆರೆ ಹೆಚ್ಚಾಯಿತು.

"ನಿಜ ಗು ಅಣ್ಣ," ಎಂದೆ. "ನಿಮ್ಮ ಚಿಲ್‌ಬೊಕ್ ತಂದಿದ್ದು ಮೊದಲ ಸಂಬಳದ್ದು. ಅದರ ಕೆಂಪೇ ಬೇರೆ."

ಗು ಅಣ್ಣನ ನಗು ನಿಂತಿತು. ನನ್ನನ್ನು ನೋಡಿದ. ನಿಧಾನವಾಗಿ ತನ್ನ ಕೋಟಿನ ತೋಳನ್ನು ಎಳೆದು ಆ ಒಂದು ಬೆರಳಗಲವನ್ನು ಒಳಗೆ ಸೇರಿಸಿದ. ಜನ ಕರಗಿದ ಮೇಲೂ ಅವನು ಅಲ್ಲೇ ನಿಂತಿದ್ದ. ಆಮೇಲೆ ಬಗ್ಗಿ, ನನಗೆ ಮಾತ್ರ ಕೇಳಿಸುವ ಹಾಗೆ ಹೇಳಿದ:

"ಬಣ್ಣ ನಿಲ್ಲಬೇಕು ಅಂದ್ರೆ ಶಾಯಿಗೆ ಒಂದು ಹಿಡಿ ಉಪ್ಪು ಹಾಕ್ಬೇಕಿತ್ತು ಕಣಪ್ಪ. ಅವತ್ತು ನಿನ್ನ ತಲೆ ಹತ್ರ ಕೂತಾಗಲೇ ವಾಸನೆ ಬಂತು. ಹೇಳೋಣ ಅಂತಿದ್ದೆ."

ಅಂದರೆ ನಾನು ಸಾಯುತ್ತಿಲ್ಲ ಎಂದು ಆ ಮುದುಕನಿಗೆ ಗೊತ್ತಿತ್ತು. ಗೊತ್ತಿದ್ದೂ ತಲೆದಿಂಬಿನ ಹತ್ತಿರ ಕುಳಿತು ಆ ಮಾತು ಹೇಳಿದ್ದ. ಇಷ್ಟು ದಿನ ನನ್ನ ಗುಟ್ಟನ್ನು ಒಣಮೀನಿನ ಕೆಳಗೆ ಬಚ್ಚಿಟ್ಟುಕೊಂಡು, ನಾನು ಅವನದನ್ನು ಕಾಯುತ್ತೇನೋ ಇಲ್ಲವೋ ಎಂದು ನೋಡುತ್ತಿದ್ದ. ನನಗೆ ಎಷ್ಟು ಕೋಪ ಬಂತೆಂದರೆ, ಅಂಗಡಿ ಮುಚ್ಚಿ ಅವನನ್ನು ಎದುರಿನ ಕಾಫಿ ಅಂಗಡಿಗೆ ಕರೆದುಕೊಂಡು ಹೋದೆ.